ನನ್ನ ಕೋಣೆ, ನನ್ನಿಷ್ಟ ಅಲ್ವಾ?

ಪ್ರಶ್ನೆ: ಇಲ್ಲಿ ಕೇರಳದಲ್ಲಿ ಕಳ್ಳು ಕುಡಿಯಬಹುದು, ಬೆವ್ಕೊ ಅಂಗಡಿಯಲ್ಲಿ ಸರಕಾರವೇ ಬ್ರಾಂದಿ ಮಾರುತ್ತದೆ. ನಾನು ನನ್ನ ಕೋಣೆಯಲ್ಲಿ ಗಾಂಜಾ ಸೇದಿದರೆ ಮಾತ್ರ ಕೇಸು ಯಾಕೆ?
– ಓದುಗ, ಕುಂಬಳೆ

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದಿದವರಿಗೆ 6 ತಿಂಗಳವರೆಗಿನ ಜೈಲು ಶಿಕ್ಷೆಗೂ ಅವಕಾಶ ಇದೆ. ಸುಮ್ನೆ ಸೇದಿದವರನ್ನು ಜೈಲಿಗೆ ಹಾಕುವುದು ನನಗೂ ಸರಿ ಕಾಣುವುದಿಲ್ಲ.

ಆದರೆ ನಿಮಗೆ ಗಾಂಜಾ ಕೊಡುವವನು ಶಾಲೆಯ ಗೇಟಿನ ಹತ್ತಿರವೂ ನಿಲ್ಲುತ್ತಾನೆ. ಬದಿಯಡ್ಕ ಕಡೆಯ ಒಬ್ಬ ತಾಯಿ ಮಗನ ಜಾಮಿಟ್ರಿ ಬಾಕ್ಸನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಕೈವಾರದ ಪಕ್ಕ ಸುತ್ತುವ ತೆಳು ಕಾಗದ, ಉಗುರಿನಷ್ಟು ಸಣ್ಣ ಪ್ಲಾಸ್ಟಿಕ್ ಕವರು. ಹುಡುಗ ಒಂಬತ್ತನೇ ಕ್ಲಾಸು. ಬೆಳೆಯುವ ಮಿದುಳಿಗೆ ಗಾಂಜಾದ ಹಾನಿ ಜಾಸ್ತಿ. ಆ ಮಗುವಿನ ಇಷ್ಟವನ್ನು ಯಾರು ಕೇಳಿದರು? ಮಾರುವವನ ಮೇಲೆ ಹಿಡಿತ ಬೇಕೇ ಬೇಕು. ಕಳ್ಳು, ಬ್ರಾಂದಿ ಮಾರಲೂ ಲೈಸನ್ಸು, ಗಿರಾಕಿಯ ವಯಸ್ಸಿನ ಮಿತಿ ಇದೆಯಲ್ಲ!

ಚಟ ಹಿಡಿದಿದ್ದರೆ ಹೆದರಬೇಡಿ. ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮುಗಿಸುವವರಿಗೆ ಸೇವನೆಯ ಕೇಸಿನಿಂದ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಅಬಕಾರಿ ಇಲಾಖೆಯ 'ವಿಮುಕ್ತಿ' ಕೇಂದ್ರದಲ್ಲಿ ವಿಚಾರಿಸಿ. ಮಲಯಾಳ ಸರಿಯಾಗಿ ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.