ನಿವೃತ್ತ ಇನ್‌ಸ್ಪೆಕ್ಟರ್ ನಾಯಕನಾದ ಕ್ರೈಂ ಕಾದಂಬರಿಯಲ್ಲಿ ರಕ್ತಪಾತ ಎಷ್ಟಿರಬೇಕು?

ನಿಮ್ಮ ಕಥೆ ಇಷ್ಟು: 68 ವರ್ಷದ ನಿವೃತ್ತ ಇನ್‌ಸ್ಪೆಕ್ಟರ್, ಊರಲ್ಲೊಂದು ಕೊಲೆ, ಕೊನೆಗೆ ಲಾಕಪ್ಪಿನಲ್ಲಿ ಆರೋಪಿಯ ಬಾಯಿ ಬಿಡಿಸೋದು. ನನ್ನ ಮೊದಲ ಹಸ್ತಪ್ರತಿಯೂ ಇದೇ. ರಕ್ತದ ಲೆಕ್ಕ ಬಿಡಿ, ನಿಮ್ಮ ಕಥೆ ಸೋರೋದು ಆ ಲಾಕಪ್ಪಿನಲ್ಲಿ.

ನನ್ನ ಕಥೆಯಲ್ಲಿ ಠಾಣೆಯ ಇನ್‌ಸ್ಪೆಕ್ಟರ್, ಹಿಂದೆ ಮುದುಕನ ಕೈಕೆಳಗೆ ಪಿಎಸ್‌ಐ ಆಗಿದ್ದವನು, ಹಳೇ ಸಾಹೇಬರನ್ನು ಒಳಗೆ ಬಿಡುತ್ತಾನೆ. ಆರೋಪಿ ಒಪ್ಪಿಕೊಳ್ಳುತ್ತಾನೆ, ಕೇಸು ಖತಂ. ಓದಿದ ವಕೀಲರೊಬ್ಬರು "ಇದು ಕೋರ್ಟಲ್ಲಿ ನಿಲ್ಲಲ್ಲ" ಅಂದರು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಅಂತ ನನಗೂ ಗೊತ್ತಿತ್ತು. ಆದರೆ ಮುದುಕ ಈಗ ಪೊಲೀಸಲ್ಲವಲ್ಲ! ಎಡವಿದ್ದು ಅಲ್ಲೇ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ (ಹಳೇ ಕಾಯ್ದೆಯ 25, 26, 27) ಓದಿ. ಆರೋಪಿ ಪೊಲೀಸ್ ಕಸ್ಟಡಿಯಲ್ಲಿದ್ದರೆ ಕೇಳಿಸಿಕೊಂಡವರು ಯಾರೇ ಆಗಿರಲಿ, ಮ್ಯಾಜಿಸ್ಟ್ರೇಟರ ಸಮಕ್ಷಮ ಅಲ್ಲದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಅವನು ಹೇಳಿದ ಜಾಗದಲ್ಲಿ ಮಚ್ಚು ಸಿಕ್ಕರೆ, ಮಚ್ಚಿಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಉಳಿಯುತ್ತದೆ. ಅದನ್ನೂ ಪಂಚರ ಎದುರು ಮಹಜರು ಮಾಡಿ ಸೀಲ್ ಹಾಕಬೇಕು. ನನ್ನ ಮುದುಕ ತಾನೇ ಬಾವಿಗಿಳಿದು ಮಚ್ಚನ್ನು ಟವೆಲ್ಲಲ್ಲಿ ಸುತ್ತಿ ತಂದಿದ್ದ! ಆರೋಪಿ ಪರ ವಕೀಲರಿಗೆ ಇದಕ್ಕಿಂತ ಹಬ್ಬ ಬೇಕೇ? 40 ಪುಟ ಹರಿದೆ.

ಅದೇ ಮಾತನ್ನು ಬಂಧನಕ್ಕೆ ಮುಂಚೆ, ಟೀ ಅಂಗಡಿಯ ಬೆಂಚಿನ ಮೇಲೆ ಆಡಿಸಿ. ಆಗ ಈ ಕಲಂ ಅಡ್ಡ ಬರಲ್ಲ. ಖಾಕಿ ಬಿಚ್ಚಿದವನಿಗೆ ಉಳಿದಿರುವ ಅನುಕೂಲ ಇದೊಂದೇ. ಅದೂ ದುರ್ಬಲ ಸಾಕ್ಷ್ಯವೇ. ಇವನ ಹತ್ತಿರವೇ ಯಾಕೆ ಹೇಳಿದ ಅಂತ ಕೋರ್ಟು ಕೇಳುತ್ತದೆ, ಬೇರೆ ಪುರಾವೆಯ ಬೆಂಬಲ ಹುಡುಕುತ್ತದೆ. ಹಾಗಾಗಿ ಮುದುಕ ತನ್ನ ಶಿಷ್ಯನಿಗೆ "ಇವತ್ತೊಂದು ರಾತ್ರಿ ಅವನನ್ನು ಎತ್ತಬೇಡಪ್ಪ" ಅನ್ನಬೇಕಾಗುತ್ತದೆ. ಆ ರಾತ್ರಿ ಇನ್ನೊಂದು ಹೆಣ ಬಿದ್ದರೆ ಪಾಪ ಯಾರದ್ದು? ನಿಮಗೆ ಬೇಕಾದ ಕರಾಳತನ ಇಲ್ಲಿದೆ, ಕತ್ತು ಕುಯ್ಯುವ ವರ್ಣನೆಯಲ್ಲಲ್ಲ.

ಕೊಲೆ 2024ರ ಜುಲೈ 1ರಂದು ಅಥವಾ ಆಮೇಲೆ ನಡೆದಿದ್ದರೆ ಎಫ್‌ಐಆರ್‌ನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103 ಬರೆಯಿರಿ. ಮುದುಕನ ಬಾಯಲ್ಲಿ ಹಳೇ ಐಪಿಸಿಯ ಕೊಲೆ ಕಲಂ, "ತ್ರೀ ನಾಟ್ ಟೂ" ಅಂತಲೇ ಬರಲಿ. ಕಣ್ಣಿಗೆ ಪೊರೆ ಬಂದಿದ್ದರೆ ರಾತ್ರಿ ಎದುರು ಹೆಡ್‌ಲೈಟಿಗೆ ನಂಬರ್ ಪ್ಲೇಟ್ ಓದಲಾಗಲ್ಲ. ಹೊಡೆದಾಟವಂತೂ ಬೇಡವೇ ಬೇಡ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದವನು ಕಾರಲ್ಲಿ ಎರಡು ಗಂಟೆ ಕಾವಲು ಕೂರಲಾರ. ಅವನು ಮರದ ಮರೆಗೆ ಹೋದಾಗಲೇ ಆರೋಪಿ ಗೇಟು ದಾಟಲಿ.