ಪಿಇ 6 ಅಂದ ಮಾತ್ರಕ್ಕೆ ಕಂಪನಿ ಅಗ್ಗ ಅಲ್ಲ: ಇವಿ, ಇಬಿಟ್ ನೋಡುವುದು ಹೇಗೆ

ನಿಮ್ಮ ಪ್ರಶ್ನೆ ಇಷ್ಟು. ಒಂದು ಫೌಂಡ್ರಿ (ಲೋಹ ಎರಕ ಹೊಯ್ಯುವ) ಕಂಪನಿಯ ಪಿಇ, ಅಂದರೆ ಷೇರಿನ ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಅಂಕಿ, 6, ಅದೇ ಲೈನಿನ ಇನ್ನೊಂದು ಕಂಪನಿಯದ್ದು 11. ಮೊದಲನೆಯದು ಅರ್ಧ ಬೆಲೆಗೆ ಸಿಗುತ್ತಿದೆ ಅನ್ನುವುದು ನಿಮ್ಮ ಲೆಕ್ಕ. ಯಾರೋ "ಇವಿ, ಇಬಿಟ್ ನೋಡದೆ ಕೈ ಹಾಕಬೇಡ" ಅಂದಿದ್ದಾರೆ. ಹಾಗಂದರೆ ಏನು, ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ಹುಡುಕಬೇಕು ಅಂತ ಕೇಳಿದ್ದೀರಿ, ಎರಡೂ ಕಂಪನಿಯ ಅಂಕಿಗಳನ್ನೂ ಹಾಕಿದ್ದೀರಿ.

ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ನಾನು ಷೇರು ಪಂಡಿತ ಅಲ್ಲ. ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸ ನನ್ನದು. ರೈಸ್ ಮಿಲ್ಲು, ತಿಪಟೂರು ಕಡೆಯ ಕೊಬ್ಬರಿ ಪುಡಿ ಯುನಿಟ್ಟು, ಅಂತರಸನಹಳ್ಳಿಯ ಸಣ್ಣಪುಟ್ಟ ಕಾರ್ಖಾನೆ, ಇಂಥವರಿಗೆ ಸಿಸಿ ಲಿಮಿಟ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ರಿನ್ಯೂವಲ್ಲು, ಪ್ರಾಜೆಕ್ಟ್ ರಿಪೋರ್ಟು ಮಾಡಿಕೊಡುತ್ತೇನೆ. ಈ ಕಡೆ ಒಂದು ಯುನಿಟ್ ಕೈ ಬದಲಾಗುವಾಗ ಯಾರೂ ಪಿಇ ಕೇಳುವುದಿಲ್ಲ. ಮೊದಲ ಪ್ರಶ್ನೆ, ಬ್ಯಾಂಕಿಗೆ ಎಷ್ಟು ಬಾಕಿ ಇದೆ? ಎರಡನೆಯದು, ಬಡ್ಡಿ, ತೆರಿಗೆ ಕಟ್ಟುವ ಮೊದಲು ವರ್ಷಕ್ಕೆ ಎಷ್ಟು ಉಳಿಯುತ್ತದೆ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಇವಿ (ಎಂಟರ್‌ಪ್ರೈಸ್ ವ್ಯಾಲ್ಯೂ, ಸಾಲವೂ ಸೇರಿದ ಇಡೀ ವ್ಯವಹಾರದ ಬೆಲೆ) ಹತ್ತಿರ ಬಂದಿರಿ, ಎರಡನೆಯದೇ ಇಬಿಟ್. ಹೆಸರು ದೊಡ್ಡದು, ವಿಷಯ ಇಷ್ಟೇ.

ಎರಡು ಕೊಬ್ಬರಿ ಪುಡಿ ಯುನಿಟ್ ಮಾರಾಟಕ್ಕಿವೆ ಅಂತ ಇಟ್ಟುಕೊಳ್ಳಿ. ಎರಡರಲ್ಲೂ ಒಂದೇ ಥರದ ಬಾಯ್ಲರು, ಡ್ರೈಯರು, ಎರಡೂ ಬಡ್ಡಿ ಮತ್ತು ತೆರಿಗೆಗೆ ಮುಂಚೆ ವರ್ಷಕ್ಕೆ 1 ಕೋಟಿ ದುಡಿಯುತ್ತವೆ. ಮೊದಲನೆಯದಕ್ಕೆ ಸಾಲವಿಲ್ಲ. ತೆರಿಗೆ ಶೇ. 25 ಅಂತ ಹಿಡಿದರೆ ನಿವ್ವಳ ಲಾಭ 75 ಲಕ್ಷ, ಮಾಲೀಕರು ಕೇಳುವುದು ಏಳೂವರೆ ಕೋಟಿ. ಪಿಇ 10 ಆಯಿತು. ಎರಡನೆಯದಕ್ಕೆ ಶೇ. 10ರ ಬಡ್ಡಿಯಲ್ಲಿ 5 ಕೋಟಿ ಸಾಲ. ಬಡ್ಡಿ 50 ಲಕ್ಷ ಹೋಯಿತು, ಉಳಿದ 50ಕ್ಕೆ ತೆರಿಗೆ ಕಟ್ಟಿದರೆ ಲಾಭ ಮೂವತ್ತೇಳೂವರೆ ಲಕ್ಷ. ಮಾಲೀಕರು 3 ಕೋಟಿ ಕೊಡಿ ಸಾಕು ಅನ್ನುತ್ತಾರೆ. ಪಿಇ 8. ಇದೇ ಅಗ್ಗ ಅನ್ನಿಸುತ್ತದೆ, ಅಲ್ವಾ? ಆದರೆ 3 ಕೋಟಿ ಕೊಟ್ಟ ದಿನದಿಂದ ಆ 5 ಕೋಟಿ ಸಾಲ ನಿಮ್ಮ ತಲೆ ಮೇಲೆ. ಅಂದರೆ ಯುನಿಟ್ಟಿನ ನಿಜವಾದ ಬೆಲೆ 8 ಕೋಟಿ. ಅದೇ 1 ಕೋಟಿ ಗಳಿಕೆಗೆ ಮೊದಲಿನವರು ಕೇಳಿದ್ದು ಏಳೂವರೆ. ಪಿಇ ಪ್ರಕಾರ ಅಗ್ಗವಾದದ್ದು ಇವಿ ಪ್ರಕಾರ ದುಬಾರಿ.

ಇನ್ನೂ ಒಂದು ನೋಡಿ. ಮುಂದಿನ ವರ್ಷ ಕಾಯಿ ರೇಟು ಏರಿ ಇಬಿಟ್ 60 ಲಕ್ಷಕ್ಕೆ ಇಳಿಯಿತು ಅನ್ನೋಣ. ಸಾಲವಿಲ್ಲದ ಯುನಿಟ್ಟಿನ ಲಾಭ 75ರಿಂದ 45 ಲಕ್ಷಕ್ಕೆ ಬರುತ್ತದೆ. ಸಾಲ ಇರುವುದರ ಲಾಭ ಮೂವತ್ತೇಳೂವರೆಯಿಂದ ಬರೀ ಏಳೂವರೆ ಲಕ್ಷಕ್ಕೆ. ಬ್ಯಾಂಕಿನ ಬಡ್ಡಿ ಕಾಯಿ ರೇಟು ಕೇಳಿಕೊಂಡು ಕಡಿಮೆ ಆಗುವುದಿಲ್ಲ.

ಈಗ ಸೂತ್ರ. ಇವಿ ಅಂದರೆ ಮಾರ್ಕೆಟ್ ಕ್ಯಾಪಿಗೆ (ಕಂಪನಿಯ ಎಲ್ಲ ಷೇರುಗಳ ಒಟ್ಟು ಮಾರುಕಟ್ಟೆ ಬೆಲೆಗೆ) ಬಡ್ಡಿ ಬೀಳುವ ಎಲ್ಲ ಸಾಲ ಸೇರಿಸಿ, ಕೈಯಲ್ಲಿರುವ ನಗದು, ಎಫ್‌ಡಿ, ಲಿಕ್ವಿಡ್ ಫಂಡು ಕಳೆಯುವುದು. ಸಾಲ ಬ್ಯಾಲೆನ್ಸ್ ಶೀಟಿನಲ್ಲಿ ಎರಡು ಕಡೆ ಇರುತ್ತದೆ, ದೀರ್ಘಾವಧಿಯದ್ದು ಒಂದು, ಅಲ್ಪಾವಧಿಯದ್ದು ಒಂದು. ಎರಡನ್ನೂ ಕೂಡಿ. ಟರ್ಮ್ ಲೋನಿನಲ್ಲಿ ಈ ವರ್ಷ ಕಟ್ಟಬೇಕಾದ ಕಂತು 2021ರ ಏಪ್ರಿಲ್‌ನಿಂದ ಅಲ್ಪಾವಧಿ ಸಾಲದ ಕೆಳಗೇ ಬರುತ್ತದೆ, ಅದಕ್ಕೂ ಹಳೆಯ ವರದಿಗಳಲ್ಲಿ ಬೇರೆ ಬಾಧ್ಯತೆಗಳ ಜೊತೆ ಸೇರಿಕೊಂಡಿರುತ್ತದೆ, ಹುಡುಕಬೇಕು. ಮಾಲು ಕೊಟ್ಟ ಪಾರ್ಟಿಗಳ ಬಾಕಿಯನ್ನು ಸಾಮಾನ್ಯವಾಗಿ ಸಾಲಕ್ಕೆ ಸೇರಿಸುವುದಿಲ್ಲ, ಅದಕ್ಕೆ ಬಡ್ಡಿ ಇಲ್ಲ.

ಇಬಿಟ್‌ಗೆ ನಾನು ಲಾಭ ನಷ್ಟದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತೇನೆ. ತೆರಿಗೆಗೆ ಮುಂಚಿನ ಲಾಭ ತಗೊಳ್ಳಿ, ಅಸಾಧಾರಣ ಬಾಬ್ತುಗಳನ್ನು (ಅಪರೂಪಕ್ಕೆ ಬರುವ ಲಾಭ ನಷ್ಟ) ಸೇರಿಸುವ ಮುಂಚಿನ ಸಾಲು. ಅದಕ್ಕೆ ಫೈನಾನ್ಸ್ ಕಾಸ್ಟ್, ಅಂದರೆ ಬಡ್ಡಿ ಖರ್ಚು, ವಾಪಸ್ ಕೂಡಿ. ಇತರೆ ಆದಾಯ ಕಳೆಯಿರಿ. ಸವಕಳಿಯನ್ನು (ಯಂತ್ರ, ಕಟ್ಟಡ ಸವೆದದ್ದಕ್ಕೆ ವರ್ಷಾವರ್ಷ ಬರೆಯುವ ಖರ್ಚು) ಮಾತ್ರ ಮುಟ್ಟಬೇಡಿ. ಇತರೆ ಆದಾಯವನ್ನು ಯಾಕೆ ಕಳೆಯಬೇಕು ಅಂದರೆ, ಎಫ್‌ಡಿಯನ್ನು ಆಗಲೇ ಇವಿಯಿಂದ ಕಳೆದಿದ್ದೀರಿ. ಅದರ ಬಡ್ಡಿಯನ್ನು ಇಲ್ಲಿ ಗಳಿಕೆ ಅಂತ ಇಟ್ಟುಕೊಂಡರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗೆ. ಕೊನೆಗೆ ಇವಿಯನ್ನು ಇಬಿಟ್‌ನಿಂದ ಭಾಗಿಸಿ, ಉತ್ತರ ಕಡಿಮೆ ಬಂದಷ್ಟೂ ಅಗ್ಗ. ಮಾರ್ಕೆಟ್ ಕ್ಯಾಪ್ 400 ಕೋಟಿ, ಸಾಲ ಇಲ್ಲ, ನಗದು 150 ಕೋಟಿ, ಇಬಿಟ್ 40, ಎಫ್‌ಡಿ ಬಡ್ಡಿ 10 ಅಂತಿದ್ದರೆ ಸರಿಯಾದ ಉತ್ತರ 250ನ್ನು 40ರಿಂದ ಭಾಗಿಸಿದ್ದು, ಆರೂಕಾಲು. ಬಡ್ಡಿ ಸೇರಿಸಿ 50ರಿಂದ ಭಾಗಿಸಿದರೆ 5 ಬರುತ್ತದೆ, ಸುಮ್ನೆ ಖುಷಿ ಕೊಡುವ ಅಂಕಿ.

ನಿಮ್ಮ ಕಂಪನಿಗೆ ಬರೋಣ. ನೀವು ಕೊಟ್ಟ ಅಂಕಿ: ಮಾರ್ಕೆಟ್ ಕ್ಯಾಪ್ 240 ಕೋಟಿ, ನಿವ್ವಳ ಲಾಭ 40, ತೆರಿಗೆಗೆ ಮುಂಚೆ 54, ಬಡ್ಡಿ ಖರ್ಚು 45, ಇತರೆ ಆದಾಯ 22, ಮಾರ್ಚ್ 31ರ ಸಾಲ 300, ನಗದು 10. ಇಬಿಟ್ ಅಂದರೆ 54ಕ್ಕೆ 45 ಕೂಡಿ 22 ಕಳೆದರೆ 77. ಇವಿ 530. ಭಾಗಿಸಿದರೆ ಸುಮಾರು 6.9. ಪರವಾಗಿಲ್ಲ ಅನ್ನಿಸಬಹುದು. ಇಲ್ಲಿಗೆ ನಿಲ್ಲಿಸಬೇಡಿ.

300 ಕೋಟಿ ಸಾಲಕ್ಕೆ 45 ಕೋಟಿ ಬಡ್ಡಿ ಅಂದರೆ ಶೇ. 15 ಆಯಿತು. ಇಷ್ಟು ವ್ಯವಹಾರ ಇರುವ ಕಂಪನಿಗೆ ಬ್ಯಾಂಕಿನವರು ಅಷ್ಟು ಹಾಕುತ್ತಾರಾ? ಹತ್ತೂವರೆ, ಹನ್ನೊಂದು ಅಂತಿಟ್ಟರೆ ವರ್ಷವಿಡೀ ಸರಾಸರಿ ಸಾಲ 420 ಕೋಟಿ ಆಸುಪಾಸು ಇದ್ದಿರಬೇಕು. ಹಾಗಾದರೆ ಮಾರ್ಚ್ 31ಕ್ಕೆ 300 ಹೇಗೆ ಬಂತು? ಇದನ್ನು ನಾನು ದಿನಾ ನೋಡುತ್ತೇನೆ. ಮಾರ್ಚ್ ಎಂಡಿಂಗ್ ಬಂತು ಅಂದರೆ ಪಾರ್ಟಿಗಳಿಗೆ ಫೋನ್ ಮೇಲೆ ಫೋನ್, ಬರಬೇಕಾದ ದುಡ್ಡೆಲ್ಲ ಎಳೆದುಕೊಂಡು ಸಿಸಿ ಖಾತೆಗೆ ತುಂಬುತ್ತಾರೆ, ಕೊಡಬೇಕಾದ್ದನ್ನು ಏಪ್ರಿಲ್ ಮೊದಲ ವಾರಕ್ಕೆ ತಳ್ಳುತ್ತಾರೆ. ಆ ಒಂದು ದಿನ ಬ್ಯಾಲೆನ್ಸ್ ಶೀಟು ಮದುವೆ ಮನೆಯ ಹಾಗೆ ಕಾಣುತ್ತದೆ. ಹತ್ತನೇ ತಾರೀಕಿಗೆ ಲಿಮಿಟ್ ಮತ್ತೆ ಪೂರ್ತಿ. ಇದು ಕಳ್ಳಲೆಕ್ಕ ಅಲ್ಲ, ಆ ದಿನದ ಮಟ್ಟಿಗೆ ಅಂಕಿ ನಿಜವೇ. ಆದರೆ ನೀವು ಕೊಳ್ಳುತ್ತಿರುವುದು ಆ ಒಂದು ದಿನವನ್ನಲ್ಲ. ಬಡ್ಡಿ ಮಾತ್ರ ದಿನದ ಲೆಕ್ಕದಲ್ಲಿ ಬೀಳುತ್ತದೆ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಲಿಸ್ಟೆಡ್ ಕಂಪನಿಗಳು ಸೆಪ್ಟೆಂಬರ್ 30ರ ಆಸ್ತಿ ಬಾಧ್ಯತೆಗಳ ಪಟ್ಟಿಯನ್ನೂ ಪ್ರಕಟಿಸಬೇಕು. ಅದರಲ್ಲಿ ಸಾಲ ಎಷ್ಟಿದೆ ನೋಡಿ. ಬ್ಯಾಂಕ್ ಚಾರ್ಜು, ವಿದೇಶಿ ವಿನಿಮಯದ ವ್ಯತ್ಯಾಸವೂ ಫೈನಾನ್ಸ್ ಕಾಸ್ಟಿನಲ್ಲಿ ಸೇರಿರಬಹುದು, ಆದ್ದರಿಂದ ಟಿಪ್ಪಣಿ ಓದದೆ ತೀರ್ಪು ಕೊಡಬೇಡಿ.

ಸಾಲ 420 ಅಂತ ಹಿಡಿದರೆ ಇವಿ 650, ಇಬಿಟ್‌ನ ಸುಮಾರು ಎಂಟೂವರೆ ಪಟ್ಟು. ಪಿಇ 11ರ ಇನ್ನೊಂದು ಕಂಪನಿ ನೋಡಿ. ಮಾರ್ಕೆಟ್ ಕ್ಯಾಪ್ 330, ಸಾಲ ಇಲ್ಲ, ನಗದು 25, ತೆರಿಗೆಗೆ ಮುಂಚೆ 40, ಇತರೆ ಆದಾಯ 2. ಇವಿ 305, ಇಬಿಟ್ 38, ಅನುಪಾತ 8. ನಿಮಗೆ ಅರ್ಧ ಬೆಲೆ ಅಂತ ಕಂಡ ಕಂಪನಿ ಅದೇ ಬೆಲೆಗಿಂತ ಒಂದು ಕೈ ಜಾಸ್ತಿಯೇ ಇದೆ, ಮೇಲೆ ಸಾಲದ ಅಪಾಯ ಬೇರೆ. ಅಂದಹಾಗೆ ಆ 22 ಕೋಟಿ ಇತರೆ ಆದಾಯ ಎಲ್ಲಿಂದ ಬಂತು? 10 ಕೋಟಿ ನಗದಿಗೆ ಅಷ್ಟು ಬಡ್ಡಿ ಬರುವುದಿಲ್ಲ. ಜಾಗ ಮಾರಿದ್ದಾರಾ ಅಂತ ನೋಡಿ. ಮಾರಿದ್ದರೆ ಮುಂದಿನ ವರ್ಷ ಅದು ಇರುವುದಿಲ್ಲ, ಪಿಇ 6 ಅನ್ನುವುದೂ ಉಳಿಯುವುದಿಲ್ಲ.

ಸವಕಳಿ ಮುಟ್ಟಬೇಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಹಲವರು ಇಬಿಟ್ ಬದಲು ಇಬಿಟ್ಡಾ ಬಳಸುತ್ತಾರೆ, ಅಂದರೆ ಸವಕಳಿಯನ್ನೂ ವಾಪಸ್ ಕೂಡುತ್ತಾರೆ, "ಅದು ಪುಸ್ತಕದ ಖರ್ಚು, ಕೈಯಿಂದ ಹೋಗಲ್ಲ" ಅನ್ನುತ್ತಾರೆ. ಬಾಯ್ಲರ್ ಟ್ಯೂಬು ತೂತು ಬಿದ್ದು ಸೀಸನ್ ನಡುವೆ ಯುನಿಟ್ ನಿಂತವರನ್ನು ಕೇಳಿ, ಕೈಯಿಂದ ಹೋಗುತ್ತೋ ಇಲ್ಲವೋ ಹೇಳುತ್ತಾರೆ. ಫೌಂಡ್ರಿಯಲ್ಲಂತೂ ಫರ್ನೇಸು, ಮೋಲ್ಡಿಂಗ್ ಲೈನು ಸವೆಯುವುದೇ ಕೆಲಸ. ಅಮೆರಿಕದ ವರ್ಲ್ಡ್‌ಕಾಮ್ ಟೆಲಿಫೋನ್ ಕಂಪನಿ ಮಾಡಿದ್ದು ನೆನಪಿಡಿ. ಬೇರೆಯವರ ಲೈನು ಬಳಸಿದ್ದಕ್ಕೆ ಕಟ್ಟುವ ದಿನನಿತ್ಯದ ಖರ್ಚನ್ನು ಆಸ್ತಿ ಅಂತ ಬರೆದುಕೊಂಡಿತ್ತು. 2002ರ ಜೂನ್‌ನಲ್ಲಿ ಅದು ಮೊದಲು ಒಪ್ಪಿಕೊಂಡ ಮೊತ್ತವೇ 380 ಕೋಟಿ ಡಾಲರ್ ದಾಟಿತ್ತು, ಮುಂದಿನ ತಿಂಗಳೇ ದಿವಾಳಿ ಅರ್ಜಿ. ಖರ್ಚನ್ನು ಆಸ್ತಿ ಮಾಡಿದರೆ ಅದು ಸವಕಳಿಯಾಗಿಯೇ ಲೆಕ್ಕಕ್ಕೆ ಬರಬೇಕು. ಸವಕಳಿಯನ್ನು ವಾಪಸ್ ಕೂಡುವ ಇಬಿಟ್ಡಾ ಆ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಕಂಪನಿಗಳ ಅಂಕಿ ತೋರಿಸುವ ನಮ್ಮ ಹಲವು ಸ್ಕ್ರೀನರ್ ಸೈಟುಗಳಲ್ಲಿ ಆಪರೇಟಿಂಗ್ ಪ್ರಾಫಿಟ್ ಅಂತ ತೋರಿಸುವುದು ಸವಕಳಿಗೆ ಮುಂಚಿನ ಅಂಕಿ, ಅದನ್ನೇ ಇಬಿಟ್ ಅಂತ ತಿಳಿದುಕೊಳ್ಳಬೇಡಿ.

ಬಾಡಿಗೆ ಜಾಗದಲ್ಲಿ ನಡೆಯುವ ಕಂಪನಿ ಆದರೆ, ಅಂಗಡಿಗಳ ಸರಪಳಿ, ಥಿಯೇಟರ್ ಥರದ್ದು, ಲೀಸ್ ಬಾಧ್ಯತೆಯನ್ನೂ ಸಾಲಕ್ಕೆ ಸೇರಿಸಿ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 (ಲೀಸ್‌ಗೆ ಲೆಕ್ಕ ಬರೆಯುವ ನಿಯಮ) ಬಂದ ಮೇಲೆ ಬಾಡಿಗೆಯ ಬಹುಪಾಲು ಸವಕಳಿ ಮತ್ತು ಬಡ್ಡಿ ಅಂತ ಒಡೆದು ಹೋಗುತ್ತದೆ. ಹಾಗಾಗಿ ಆ ವರ್ಷ ಎಷ್ಟೋ ಕಂಪನಿಗಳ ಇಬಿಟ್ಡಾ ಏನೂ ಮಾಡದೆಯೇ ಮೇಲೇರಿತು. ಕನ್ಸಾಲಿಡೇಟೆಡ್ ಲೆಕ್ಕದಲ್ಲಿ, ಅಂದರೆ ಇಡೀ ಗುಂಪಿನದ್ದನ್ನು ಒಟ್ಟಿಗೆ ಬರೆದ ಲೆಕ್ಕದಲ್ಲಿ, ಅಧೀನ ಕಂಪನಿಯ ಪೂರ್ತಿ ಗಳಿಕೆ ಸೇರಿರುತ್ತದೆ, ನಿಮ್ಮ ಕಂಪನಿಯ ಪಾಲು ಶೇ. 60 ಮಾತ್ರ ಇದ್ದರೂ. ಆದ್ದರಿಂದ ಹೊರಗಿನ ಪಾಲುದಾರರ ಭಾಗವನ್ನು ಇವಿಗೆ ಕೂಡಬೇಕು.

ಇಬಿಟ್‌ನಲ್ಲಿ ಕಾಣದ ಆಸ್ತಿಯೂ ಇರಬಹುದು. ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ನೋಡಿ. ಗಡಿಯಾರದಿಂದ ಬರುತ್ತಿದ್ದದ್ದು ನಷ್ಟವೇ, ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಜಾಗಕ್ಕೆ ಮಾತ್ರ ಬೆಲೆ ಇತ್ತು, ಅದು ಇಸ್ರೋಗೆ ಹೋಯಿತು. ಇಬಿಟ್ ಮಾತ್ರ ನೋಡುವವರಿಗೆ ಆ ಜಾಗ ಕಾಣುವುದೇ ಇಲ್ಲ. ಹಾಗಂತ ಪ್ರತಿ ಕಂಪನಿಯ ಖಾಲಿ ಜಮೀನಿಗೂ ರಿಯಲ್ ಎಸ್ಟೇಟ್ ರೇಟು ಹಾಕಿ ಇವಿ ಇಳಿಸಬೇಡಿ. ಪ್ರವರ್ತಕರು ಮಾರುತ್ತಾರೆ, ಮಾರಿದ ದುಡ್ಡು ನಿಮಗೂ ಹಂಚುತ್ತಾರೆ ಅನ್ನುವ ಗ್ಯಾರಂಟಿ ಇದ್ದರೆ ಮಾತ್ರ. ನಗದಿಗೂ ಇದೇ ಮಾತು.

ಫೌಂಡ್ರಿ ಏರಿಳಿತದ ವ್ಯವಹಾರ. ವಾಹನ ಕಂಪನಿಗಳ ಆರ್ಡರ್ ಜೋರಾಗಿದ್ದ ಒಂದು ವರ್ಷದ ಇಬಿಟ್ ಹಿಡಿದು ಭಾಗಿಸಿದರೆ ಎಲ್ಲವೂ ಅಗ್ಗವೇ. ಐದಾರು ವರ್ಷದ ಸರಾಸರಿ ತಗೊಳ್ಳಿ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ಬೇಡವೇ ಬೇಡ. ಅವರಿಗೆ ಸಾಲವೇ ಕಚ್ಚಾ ಮಾಲು, ಬಡ್ಡಿಯೇ ಅದರ ಖರೀದಿ ಬೆಲೆ, ಅದನ್ನು ವಾಪಸ್ ಕೂಡಿದರೆ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ. ಅಲ್ಲಿ ಪುಸ್ತಕ ಬೆಲೆ (ಆಸ್ತಿಯಿಂದ ಬಾಧ್ಯತೆ ಕಳೆದು ಉಳಿಯುವುದು) ಮತ್ತು ವಸೂಲಾಗದ ಸಾಲ ಎರಡನ್ನೂ ಮೊದಲು ನೋಡಬೇಕು.