ಹಳೆ ಚಿಮಣಿಗೆ ಹೊಸ ಇನ್ಸರ್ಟ್: ಲೈನರ್ ಬೇಕೇಬೇಕಾ?

ಪ್ರಶ್ನೆ: ನಮ್ಮ ಮನೆಯ ತೆರೆದ ಅಗ್ಗಿಷ್ಟಿಕೆಯೊಳಗೆ ಸೌದೆ ಉರಿಸುವ ಕಬ್ಬಿಣದ ಇನ್ಸರ್ಟ್ (ಬಾಗಿಲಿರುವ ಮುಚ್ಚಿದ ಒಲೆ) ಕೂರಿಸಬೇಕು ಅಂತಿದ್ದೇವೆ. ಕೆಲಸಕ್ಕೆ ಬಂದವರು ‘ಸುಮ್ನೆ ಒಳಗೆ ತಳ್ಳಿದರೆ ಸಾಕು, ಇಟ್ಟಿಗೆ ಚಿಮಣಿ ಗಟ್ಟಿ ಇದೆ, ಲೈನರ್ (ಚಿಮಣಿಯೊಳಗೆ ಇಳಿಸುವ ಲೋಹದ ಕೊಳವೆ) ದಂಡದ ಖರ್ಚು’ ಎನ್ನುತ್ತಾರೆ. 40 ವರ್ಷ ಇದರಲ್ಲೇ ಬೆಂಕಿ ಹಾಕಿದ್ದೇವೆ, ಏನೂ ಆಗಿಲ್ಲ. ಅವರ ಮಾತು ನಂಬಬಹುದಾ?

ಉತ್ತರ: ದಯವಿಟ್ಟು ನಂಬಬೇಡಿ. ಚಿಮಣಿ ಗಟ್ಟಿ ಇರಬಹುದು, ಆದರೆ ಅದು ಇಷ್ಟು ವರ್ಷ ಕಂಡ ಹೊಗೆಯೇ ಬೇರೆ. ತೆರೆದ ಒಲೆಯಲ್ಲಿ ಕೋಣೆಯ ಗಾಳಿಯೂ ಧಾರಾಳವಾಗಿ ಮೇಲಕ್ಕೆ ಹೋಗುತ್ತದೆ, ಹೊಗೆ ತೆಳುವಾಗಿ ಬೇಗ ಹೊರಬೀಳುತ್ತದೆ. ಇನ್ಸರ್ಟ್‌ಗೆ ಬಾಗಿಲಿದೆ. ಶಾಖದ ಹೆಚ್ಚು ಪಾಲು ಕೋಣೆಗೇ ಬರುತ್ತದೆ (ನಿಮಗೆ ಬೇಕಿರುವುದೂ ಅದೇ ಅಲ್ವಾ), ಮೇಲೆ ಹೋಗುವ ಹೊಗೆ ಕಡಿಮೆ, ನಿಧಾನ, ಮತ್ತು ಅದು ಆ ದೊಡ್ಡ ಇಟ್ಟಿಗೆ ಕೊಳವೆಯಲ್ಲಿ ಹರಡಿ ತಣ್ಣಗಾಗಿ ಗೋಡೆಗೆ ಕ್ರಿಯೋಸೋಟ್ ಆಗಿ ಅಂಟುತ್ತದೆ.

ಲೆಕ್ಕ ಹಾಕಿ ನೋಡಿ. ಇನ್ಸರ್ಟ್‌ನಿಂದ ಹೊಗೆ ಹೊರಬೀಳುವ 6 ಇಂಚಿನ ದುಂಡು ಬಾಯಿ ಅಂದ್ರೆ ಸುಮಾರು 28 ಚದರ ಇಂಚು. 12ಕ್ಕೆ 12 ಇಂಚಿನ ಚಿಮಣಿ 144. ಐದು ಪಟ್ಟು ಜಾಸ್ತಿ! ಮನೆಯೊಳಗೇ ಏರುವ ಚಿಮಣಿಯಾದರೆ 3 ಪಟ್ಟು, ಹೊರಗೋಡೆಯದಾದರೆ 2 ಪಟ್ಟು ಮೀರಬಾರದು ಎನ್ನುವುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಅಳತೆ.

ಕ್ರಿಯೋಸೋಟ್ ಬರೀ ಮಸಿಯಲ್ಲ, ಟಾರಿನಂಥದ್ದು. ಗಾಜಿನ ಹಾಗೆ ಹೊಳೆಯುವಷ್ಟು ಗಟ್ಟಿಯಾದರೆ ಬ್ರಷ್‌ಗೂ ಬಗ್ಗುವುದಿಲ್ಲ. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೊಳಗೆ 1,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಒಳಗಿನ ಮಣ್ಣಿನ ಹಂಚು ಸೀಳುತ್ತದೆ, ಗಾರೆ ಉದುರಿದ ಸಂದಿಯಿಂದ ಬೆಂಕಿ ಹಿಂದಿನ ಮರದ ತೊಲೆಗೆ ಹೋಗುತ್ತದೆ. ಬೆಂಕಿಯೇ ಬೇಕಂತಿಲ್ಲ, ಅದೇ ಬಿರುಕಿನಿಂದ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ಬಂದರೆ ವಾಸನೆಯೂ ಬರುವುದಿಲ್ಲ.

ಹಾಗಾಗಿ ಮೊದಲು ಚಿಮಣಿ ಪೂರ್ತಿ ಗುಡಿಸಿಸಿ, ಕ್ಯಾಮೆರಾ ಇಳಿಸಿ ಉದ್ದಕ್ಕೂ ನೋಡಿಸಿ. ಇದು ಇನ್ಸರ್ಟ್ ಕೂರಿಸುವ ಮುಂಚೆಯೇ ಆಗಬೇಕು, ಆಮೇಲೆ ಅಷ್ಟು ಭಾರದ್ದನ್ನು ಎಳೆದು ನೋಡುವವರು ಯಾರೂ ಇಲ್ಲ. ಇಟ್ಟಿಗೆಗೆ ಮರ ತಾಗಿಕೊಂಡಿದೆಯಾ ಅಂತಲೂ ಕೇಳಿ. ಆಮೇಲೆ ಇನ್ಸರ್ಟ್ ಬಾಯಿಯಷ್ಟೇ ಅಗಲದ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಶಾಖ ತಡೆಯುವ ಹೊದಿಕೆ ಸಮೇತ, ಚಿಮಣಿ ತುದಿಯವರೆಗೆ. ಎರಡಡಿ ಪೈಪ್ ಸಿಕ್ಕಿಸಿ ಬಿಡುವುದಕ್ಕೆ ಒಪ್ಪಬೇಡಿ. ಅದೇ ಲೈನರ್‌ಗೆ ಇನ್ನೊಂದು ಒಲೆ ಸೇರಿಸುವುದೂ ಬೇಡ.

ಸೌದೆ ಚೆನ್ನಾಗಿ ಒಣಗಿರಲಿ, ತೇವ 20 ಶೇಕಡಕ್ಕಿಂತ ಕಡಿಮೆ. ವರ್ಷಕ್ಕೊಮ್ಮೆ ತಪಾಸಣೆ. ಕ್ರಿಯೋಸೋಟ್ ಪದರ 3 ಮಿಲಿಮೀಟರ್ ಆದ ಕೂಡಲೇ ಗುಡಿಸಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇವತ್ತೇ ಹಾಕಿಸಿ.

ಕ್ಯಾಮೆರಾದಲ್ಲಿ ಕಂಡದ್ದನ್ನು ನಿಮಗೂ ತೋರಿಸಲು ಹೇಳಿ. ‘ಅದೆಲ್ಲ ಯಾಕೆ’ ಎಂದರೆ ಬೇರೆಯವರನ್ನು ಕರೆಸಿ, ಅಲ್ಲಿಯವರೆಗೆ ಇನ್ಸರ್ಟ್ ಪೆಟ್ಟಿಗೆಯಲ್ಲೇ ಇರಲಿ.